ಬೈಪಾಸ್ ಆದ ಮೇಲೆ ಬಡಿತ ತಪ್ಪಿದರೆ ಎದೆಯನ್ನಲ್ಲ, ನಾಡಿಯನ್ನು ನಂಬಿ

ಹೃದಯದ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಎದೆ ಒಮ್ಮೆ ದಡಕ್ಕೆಂದರೆ ಸಾಕು, ಕೆಲವರು ಮನೆಮಂದಿಯನ್ನೆಲ್ಲ ಎಬ್ಬಿಸುತ್ತಾರೆ. ಎರಡು ವಾರ ಏನೂ ಅನ್ನಿಸದಿದ್ದರೆ ಇನ್ನು ಕೆಲವರು ‘ವಾಸಿಯಾಯಿತು’ ಎಂದು ತಾವೇ ಮಾತ್ರೆ ನಿಲ್ಲಿಸುತ್ತಾರೆ. ಎದೆಗೆ ಅನ್ನಿಸಿದ್ದನ್ನೇ ನಿಜವೆಂದು ನಂಬುವುದು ಎರಡಕ್ಕೂ ಮೂಲ. ಬೈಪಾಸ್ ಆದವರಲ್ಲಿ ನೂರಕ್ಕೆ ಸುಮಾರು 20ರಿಂದ 40 ಮಂದಿಗೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಬರುತ್ತದೆ. ಕವಾಟದ ಶಸ್ತ್ರಚಿಕಿತ್ಸೆಯಾದವರಲ್ಲಿ ಇನ್ನೂ ಹೆಚ್ಚು. ಹೆಚ್ಚಿನವರಿಗೆ ಇದು 2ರಿಂದ 4ನೇ ದಿನದೊಳಗೆ, ಆಸ್ಪತ್ರೆಯಲ್ಲಿರುವಾಗಲೇ ಶುರುವಾಗುತ್ತದೆ. ಉರಿಯೂತ, ಒತ್ತಡದ ಹಾರ್ಮೋನುಗಳು, ಪೊಟ್ಯಾಸಿಯಂ-ಮೆಗ್ನೀಸಿಯಂ ಏರುಪೇರು ಇದಕ್ಕೆ ಕಾರಣ. ಬಹುಪಾಲು ಮಂದಿಗೆ 6ರಿಂದ 8 ವಾರಗಳಲ್ಲಿ ಲಯ ಸರಿಹೋಗುತ್ತದೆ. ಕೆಲವರಿಗೆ ಮರುಕಳಿಸುತ್ತದೆ, ಅದೂ ಎದೆಯಲ್ಲಿ ಯಾವ ಸುಳಿವೂ ಕೊಡದೆ.

ಹಾಗಾಗಿ ಮೊದಲು ಕಲಿಯಬೇಕಾದದ್ದು ನಾಡಿ ನೋಡುವುದನ್ನು. ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಎರಡು ಬೆರಳಿಡಿ. ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ಮಿಡಿತವಿದೆ. ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಲಯಬದ್ಧ ಬಡಿತಕ್ಕೆ ಸರಿ. ಲಯ ತಪ್ಪಿದಾಗ ಒಂದು 15 ಸೆಕೆಂಡಿನಲ್ಲಿ 18 ಬಡಿತ, ಮುಂದಿನದರಲ್ಲಿ 28 ಸಿಗಬಹುದು. ಗುಣಿಸಿದರೆ ಒಮ್ಮೆ 72, ಇನ್ನೊಮ್ಮೆ 112. ಒಂದೇ ಹೃದಯ, ಒಂದೇ ನಿಮಿಷ! ಆದ್ದರಿಂದ ಪೂರ್ತಿ 60 ಸೆಕೆಂಡು ಎಣಿಸಿ, ಗುಣಾಕಾರ ಬೇಡವೇ ಬೇಡ. ಎಣಿಸುವಾಗಲೇ ಲಯವನ್ನೂ ಗಮನಿಸಿ. ಸಮನಾಗಿ ಬಡಿಯುತ್ತ ಆಗಾಗ ಒಂದು ಬಿಟ್ಟುಹೋದರೆ ಅದು ಸಾಮಾನ್ಯವಾಗಿ ಬಿಡಿ ಬಡಿತದ ತೊಂದರೆ, ಹೆಚ್ಚಿನ ಸಲ ಗಾಬರಿಯ ವಿಷಯವಲ್ಲ. ಬಿಟ್ಟುಹೋದ ಮೇಲೆ ಹೃದಯ ಹೆಚ್ಚು ರಕ್ತ ತುಂಬಿಕೊಂಡು ಬಡಿಯುವುದರಿಂದಲೇ ಆ ‘ದಡಕ್’. ಯಾವ ಎರಡು ಬಡಿತಗಳ ನಡುವೆಯೂ ಸಮ ಅಂತರವಿಲ್ಲದಿದ್ದರೆ ವೈದ್ಯರಿಗೆ ತಿಳಿಸಬೇಕು. ಸಂಖ್ಯೆಯ ಪಕ್ಕದಲ್ಲಿ ‘ಸಮ’ ಅಥವಾ ‘ಏರುಪೇರು’ ಎಂದು ಬರೆಯದ ದಾಖಲೆ ಅರ್ಧ ದಾಖಲೆಯಷ್ಟೇ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಬಿಪಿ ಮೆಷಿನ್ ಇರುವಾಗ ಎಣಿಸುವುದೇಕೆ ಎಂದು ಕೇಳುವವರಿದ್ದಾರೆ. ಲಯ ತಪ್ಪಿದಾಗ ಅವು ತೋರಿಸುವ ಅಂಕಿ ಅಷ್ಟು ನಂಬಿಕೆಗೆ ಅರ್ಹವಲ್ಲ. ದುರ್ಬಲ ಬಡಿತಗಳು ಬೆರಳ ತುದಿವರೆಗೆ ತಲುಪುವುದೇ ಇಲ್ಲ. ಮಣಿಕಟ್ಟಿನಲ್ಲೂ ಕೆಲವು ತಪ್ಪಿಹೋಗುತ್ತವೆ, ಆದರೆ ಲಯ ಕೆಟ್ಟದ್ದು ಬೆರಳಿಗೆ ತಿಳಿಯುತ್ತದೆ. ಇಸಿಜಿ ತೆಗೆಯುವ ವಾಚ್ ಇದ್ದರೆ ಒಳ್ಳೆಯದೇ, ಆದರೂ ಅಂತಿಮ ಮಾತು ಆಸ್ಪತ್ರೆಯ ಇಸಿಜಿಯದ್ದು. ಸದಾ ನಾಡಿ ಹಿಡಿದು ಕೂತರೆ ಆತಂಕ ಹೆಚ್ಚುವುದಿಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಜೊತೆಗೆ ಏನಾದರೂ ತೊಂದರೆ ಅನ್ನಿಸಿದಾಗ. ಅದಕ್ಕಿಂತ ಹೆಚ್ಚು ಬೇಡ.

ಇನ್ನು ಮಾತ್ರೆ. ಮೆಟೊಪ್ರೊಲಾಲ್‌ನಂಥ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಥಟ್ಟನೆ ನಿಲ್ಲಿಸಿದರೆ ಬಡಿತ ತಿರುಗಿ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯ ಬಗ್ಗೆ ಎಲ್ಲರ ಪ್ರಶ್ನೆ ಒಂದೇ: ಬಡಿತ ಸರಿಯಾಯಿತಲ್ಲ, ಇನ್ನೇಕೆ? ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಲಯ ಮರಳಿದ ಮೇಲೂ ಕೋಣೆ ಹಿಂದಿನ ಬಲದಿಂದ ಸಂಕುಚಿಸಲು ವಾರಗಳೇ ಹಿಡಿಯಬಹುದು. ನಿಲ್ಲಿಸುವ ದಿನವನ್ನು ವೈದ್ಯರೇ ಹೇಳಲಿ. ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ತಪ್ಪಿಸಬಾರದು. ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು, ಲೋಹದ ಕವಾಟವಿದ್ದವರ ಲೆಕ್ಕ ಬೇರೆ. ಇವರು ಸೊಪ್ಪು ಬಿಡಬೇಕಿಲ್ಲ, ದಿನವೂ ಹೆಚ್ಚೂಕಡಿಮೆ ಅಷ್ಟೇ ತಿಂದರೆ ಸಾಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆ, ಊರವರು ಹೇಳಿದ ಕಷಾಯ ಖಂಡಿತ ಬೇಡ. ಪೊಟ್ಯಾಸಿಯಂ ಸಿಗುತ್ತದೆಂದು ದಿನಕ್ಕೆ ನಾಲ್ಕು ಎಳನೀರು ಕುಡಿಯುವುದು ಕಿಡ್ನಿ ತೊಂದರೆಯವರಿಗೆ ಅಪಾಯ.

ವೈದ್ಯರಿಗೆ ಫೋನ್ ಮಾಡಬೇಕಾದದ್ದು: ಕುಳಿತಿದ್ದಾಗಲೂ ನಾಡಿ 110 ದಾಟಿ ಅರ್ಧ ಗಂಟೆಯಾದರೂ ಇಳಿಯದಿದ್ದರೆ, 50ಕ್ಕಿಂತ ಕೆಳಗಿಳಿದರೆ, ಎರಡು ದಿನದಲ್ಲಿ ತೂಕ ಒಂದೂವರೆ ಕಿಲೋ ಏರಿದರೆ. ಎದೆನೋವು, ಉಸಿರಾಟದ ತೊಂದರೆ, ಎಚ್ಚರ ತಪ್ಪುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು, ಇವುಗಳಲ್ಲಿ ಒಂದು ಕಂಡರೂ ನಾಡಿ ಎಣಿಸುತ್ತ ಕೂರದೆ 108ಕ್ಕೆ ಕರೆ ಮಾಡಿ. ತಪಾಸಣೆಗೆ ಹೋಗುವಾಗ ನಾಡಿ ಬರೆದ ಪುಸ್ತಕ, ಮಾತ್ರೆ ಚೀಟಿ ಎರಡನ್ನೂ ಮರೆಯದೆ ಒಯ್ಯಿರಿ.