ಹರೆಯದವರಿಗೆ ಲಕ್ವ: ಮೊದಲ ತಾಸಿನಿಂದ ಮರಳಿ ದುಡಿಮೆಯವರೆಗೆ

ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋಧಾದ ಸ್ಥಾಪಕ ನಿತಿನ್ ಕಾಮತ್ ತಮಗೆ ಲಘು ಲಕ್ವ ಹೊಡೆದದ್ದನ್ನು 2024ರ ಫೆಬ್ರುವರಿಯಲ್ಲಿ ತಿಳಿಸಿದಾಗ ಅವರಿಗೆ 44 ವರ್ಷ. ವ್ಯಾಯಾಮ ತಪ್ಪಿಸದ ಮನುಷ್ಯ. ಆದರೂ ಮುಖ ಸೊಟ್ಟಗಾಗಿ, ಓದಲು ಬರೆಯಲು ಬಾರದಂತಾಗಿತ್ತು. ‘ಲಕ್ವ ಮುದುಕರಿಗೆ ಬರೋದು’ ಎಂಬ ನಂಬಿಕೆಯೇ ಬೆಳಗಾವಿ ಜಿಲ್ಲೆಯ ದೊಡವಾಡ, ಬೈಲಹೊಂಗಲ, ಸವದತ್ತಿ ಭಾಗದ ಹಳ್ಳಿಗಳಲ್ಲಿ ಹೊತ್ತು ಕಳೆಯುವಂತೆ ಮಾಡುತ್ತದೆ.

1. ಗುರುತಿಸಿ. ಇದ್ದಕ್ಕಿದ್ದಂತೆ ಬಾಯಿ ವಾರೆಯಾಗುವುದು, ಎತ್ತಿದ ಕೈ ಕೆಳಗೆ ಜಾರುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ನಡೆಯುವಾಗ ತೋಲ ತಪ್ಪುವುದು. ಹತ್ತು ನಿಮಿಷದಲ್ಲಿ ಸರಿಹೋದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

2. ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ರೋಗಿ ಕೊನೆಯ ಸಲ ಚೆನ್ನಾಗಿದ್ದ ಸಮಯವನ್ನು ಬರೆದಿಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ತಾಸಿನೊಳಗೆ ಕೊಡಬೇಕು. ಅದಕ್ಕೂ ಮೊದಲು, ಆಗಿರುವುದು ಹೆಪ್ಪೋ ರಕ್ತಸ್ರಾವವೋ ಎಂದು ಸಿಟಿ ಸ್ಕ್ಯಾನ್ ಹೇಳಬೇಕು. ಹಾಗಾಗಿ ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ. ನೀರು, ಚಹಾ ಕೂಡ ಬೇಡ, ಗಂಟಲಲ್ಲಿ ಇಳಿಯದೆ ಶ್ವಾಸನಾಳಕ್ಕೆ ಹೋದೀತು. ನಾಟಿ ಔಷಧಿ, ಪಾರಿವಾಳದ ರಕ್ತದ ಮಾಲೀಶು ಎಂದು ಅಲೆದರೆ ಈ ಅವಧಿ ಮುಗಿದೇ ಹೋಗುತ್ತದೆ. ಧಾರವಾಡ, ಹುಬ್ಬಳ್ಳಿ ಅಥವಾ ಬೆಳಗಾವಿ, ಎಲ್ಲಿಗೆ ಹೋಗುವುದಿದ್ದರೂ ಸ್ಕ್ಯಾನ್ ಮತ್ತು ಚುಚ್ಚುಮದ್ದು ಇವೆಯೇ ಎಂದು ದಾರಿಯಲ್ಲೇ ಫೋನ್ ಮಾಡಿ ಕೇಳಿ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತವೆ.

3. ಬಾಣಂತಿಯ ತಲೆನೋವನ್ನು ಕಡೆಗಣಿಸಬೇಡಿ. ಹೆರಿಗೆಯ ನಂತರ ಮೆದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ನಮ್ಮ ದೇಶದಲ್ಲಿ ಹರೆಯದ ಹೆಣ್ಣುಮಕ್ಕಳ ಲಕ್ವಕ್ಕೆ ಮುಖ್ಯ ಕಾರಣಗಳಲ್ಲೊಂದು. ನೀರು ಕೊಡದೆ ಬಾಯಾರಿಸುವ ಬಾಣಂತನ ಈ ಅಪಾಯವನ್ನು ಹೆಚ್ಚಿಸುತ್ತದೆ. ಬಿಡದ ತಲೆನೋವು, ವಾಂತಿ, ಫಿಟ್ಸ್ ಕಂಡರೆ ತಡಮಾಡಬೇಡಿ.

4. ಕಾರಣ ಕೇಳಿ. ಬಿಪಿ, ಸಕ್ಕರೆ, ಗುಟ್ಕಾ, ಬೀಡಿ, ಸಾರಾಯಿ ಒಂದೆಡೆ; ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಕೆಟ್ಟ ಹೃದಯದ ಕವಾಟ, ಕತ್ತಿನ ರಕ್ತನಾಳದ ಸೀಳು ಇನ್ನೊಂದೆಡೆ. ಕಾರಣ ತಿಳಿಯದಿದ್ದರೆ ಎರಡನೇ ಸಲ ಹೊಡೆಯುವುದನ್ನು ತಡೆಯುವುದು ಕಷ್ಟ.

5. ವಾರ್ಡಿನಲ್ಲೇ ವ್ಯಾಯಾಮ ಶುರುವಾಗಲಿ. ವೈದ್ಯರು ಸರಿ ಎಂದ ಕೂಡಲೇ ಎಬ್ಬಿಸಿ ಕೂರಿಸಿ. ಸೋತ ಕೈಯನ್ನು ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ; ದಿಂಬಿನ ಆಸರೆ ಕೊಡಿ.

6. ಮನೆಯಲ್ಲೂ ವ್ಯಾಯಾಮ ಬಿಡಬೇಡಿ. ಚೇತರಿಕೆ ಮೊದಲ 3ರಿಂದ 6 ತಿಂಗಳು ವೇಗವಾಗಿರುತ್ತದೆ, ಆಮೇಲೂ ನಿಲ್ಲುವುದಿಲ್ಲ. ಫಿಜಿಯೋಥೆರಪಿಸ್ಟ್ ಕಲಿಸಿದ್ದನ್ನು ದಿನದ ಕೆಲಸದಲ್ಲೇ ಸೇರಿಸಿ: ಗುಂಡಿ ಹಾಕುವುದು, ಹಿಟ್ಟು ನಾದುವುದು, ತಂಬಿಗೆ ಎತ್ತುವುದು. ಮಾತು ಹೋದವರಿಗೆ ವಾಕ್ ಚಿಕಿತ್ಸೆ ಬೇಕು. ಅವರ ಪರವಾಗಿ ಮನೆಯವರೇ ಮಾತಾಡಿಬಿಡಬಾರದು.

7. ದುಡಿಮೆಗೆ ಮರಳಿಸಿ. ಮೊದಲು ಅರ್ಧ ದಿನದ ಹಗುರ ಕೆಲಸ. ಟ್ರ್ಯಾಕ್ಟರ್, ಬೈಕ್ ವೈದ್ಯರ ಒಪ್ಪಿಗೆ ಸಿಕ್ಕ ಮೇಲೆಯೇ. ಮಂಕು, ಅಳು ಹೆಚ್ಚಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಊನ ಉಳಿದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯವಿದ್ದವರಿಗೆ ಸರ್ಕಾರಿ ಸೌಲಭ್ಯಗಳಿವೆ. ಎಷ್ಟೇ ಗುಣವಾದರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.