ಗ್ರಾಂ ಲೆಕ್ಕ ಬಲ್ಲವರಿಗೇ ನ್ಯಾನೋ ಲಾಭ

ಬ್ರಾಯ್ಲರ್ ಸಾಕಣೆಯ ಖರ್ಚಿನಲ್ಲಿ ಸುಮಾರು ಮೂರನೇ ಎರಡು ಪಾಲು ಫೀಡಿನದು. ಅಹಮದಾಬಾದ್, ವಡೋದರಾ, ಸೂರತ್ ಸುತ್ತ ಶೆಡ್ ಹಾಕಿರುವವರು ಗಿಡಮೂಲದ ನ್ಯಾನೋ ಪೂರಕ ಕೊಳ್ಳುವ ಮುನ್ನ ಈ ಏಳು ಸೂತ್ರ ಪಾಲಿಸಿ.

1. ಒಳಗೇನಿದೆ ಕೇಳಿ. ಈ ಪೂರಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ನ್ಯಾನೋ ಕರ್ಕ್ಯುಮಿನ್‌ನಲ್ಲಿ ಅರಿಶಿನದ ಸತ್ವವೇ ಸೂಕ್ಷ್ಮ ಕಣವಾಗಿರುತ್ತದೆ. ಇನ್ನೊಂದು, ಬೇವು ಅಥವಾ ನುಗ್ಗೆ ಎಲೆಯ ರಸ ಬಳಸಿ ತಯಾರಿಸಿದ ಸತುವಿನ ಆಕ್ಸೈಡ್ ಕಣ. ಎಲೆಯ ಹೆಸರಿದ್ದರೂ ಅದು ಖನಿಜವೇ.

2. ಪ್ರಮಾಣ ಮೀರಬೇಡಿ. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗದು. ತಿಂದದ್ದರಲ್ಲಿ ಬಹುಪಾಲು ಹಿಕ್ಕೆಯಲ್ಲಿ ಹೋಗುತ್ತದೆ. ಕಣ ಕಿರಿದಾದರೆ ಕರುಳು ಹೆಚ್ಚು ಹೀರುತ್ತದೆ. ಹಾಗಾಗಿ ಮಾಮೂಲಿ ಪುಡಿಯ ಅಳತೆ ಇಲ್ಲಿ ಸಲ್ಲದು.

3. ಸತುವನ್ನು ಕೂಡಿಸಿ ನೋಡಿ. ಫೀಡಿನ ಖನಿಜ ಮಿಶ್ರಣದಲ್ಲಿ ಸತು ಈಗಾಗಲೇ ಇರುತ್ತದೆ. ಹೆಚ್ಚಾದದ್ದು ಗೊಬ್ಬರದ ಜೊತೆ ಹೊಲ ಸೇರುತ್ತದೆ.

4. ಹಂತಹಂತವಾಗಿ ಬೆರೆಸಿ. ಮೊದಲು ಒಂದೆರಡು ಕಿಲೋ ಫೀಡಿಗೆ, ಆಮೇಲೆ ಇಡೀ ರಾಶಿಗೆ. ಇಲ್ಲದಿದ್ದರೆ ಒಂದು ಕೋಳಿಗೆ ಅತಿಯಾಗಿ, ಇನ್ನೊಂದಕ್ಕೆ ಏನೂ ಸಿಗುವುದಿಲ್ಲ.

5. ಬೇಸಿಗೆಗೆ ನೀರು, ಗಾಳಿಯೇ ಮೊದಲು. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಗಿತ್ತು. ಅಂಥ ಬಿಸಿಲಲ್ಲಿ ಫ್ಯಾನು, ತಣ್ಣನೆಯ ನೀರು, ನೆರಳು ಕೋಳಿಯ ಜೀವ ಉಳಿಸುತ್ತವೆ. ಪೂರಕ ಬೆಂಬಲ ಮಾತ್ರ.

6. ಅರ್ಧ ಬ್ಯಾಚಿನಲ್ಲಿ ಪರೀಕ್ಷಿಸಿ. ಒಂದೇ ದಿನದ ಮರಿ, ಒಂದೇ ಶೆಡ್, ನಡುವೆ ಬೇಲಿ; ವಾರಕ್ಕೊಮ್ಮೆ ತೂಕ. ಎರಡು ಕಿಲೋ ತೂಗುವ ಕೋಳಿಯ ಎಫ್‌ಸಿಆರ್ (ಒಂದು ಕಿಲೋ ತೂಕ ಬರಲು ತಿನ್ನುವ ಫೀಡಿನ ಕಿಲೋ ಲೆಕ್ಕ) 1.60ರಿಂದ 1.55ಕ್ಕೆ ಇಳಿದರೆ ಉಳಿಯುವುದು 100 ಗ್ರಾಂ ಫೀಡ್. ಸಾವಿನ ಸಂಖ್ಯೆ ಅಷ್ಟೇ ಇದ್ದು, ಪೂರಕದ ಖರ್ಚು ಆ 100 ಗ್ರಾಂ ಬೆಲೆಗಿಂತ ಹೆಚ್ಚಾದರೆ ಕೈಬಿಡಿ.

7. ದಾಖಲೆ ಕೇಳಿ. ನ್ಯಾನೋ ಕೃಷಿ ಮತ್ತು ಆಹಾರ ಉತ್ಪನ್ನಗಳ ಮೌಲ್ಯಮಾಪನಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ತಂದಿದೆ. ಕಣದ ಗಾತ್ರ, ಸುರಕ್ಷಿತ ಪ್ರಮಾಣ, ಮಾಂಸ ಮತ್ತು ಪಿತ್ತಜನಕಾಂಗದಲ್ಲಿ ಉಳಿಯುವ ಶೇಷ, ಈ ಮೂರರ ವರದಿ ಕೊಡದವರಿಂದ ಕೊಳ್ಳಬೇಡಿ. ವರದಿ ಅರ್ಥವಾಗದಿದ್ದರೆ ಆಣಂದ್ ಅಥವಾ ನವಸಾರಿಯ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಕೋಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೊಡುವುದನ್ನು ಭಾರತ 2019ರಲ್ಲೇ ನಿಷೇಧಿಸಿತು. ಬೆಳವಣಿಗೆಗಾಗಿ ಆಂಟಿಬಯಾಟಿಕ್ ಹಾಕುವ ಅಭ್ಯಾಸ ಬಿಡಲೇಬೇಕು. ಅದರ ಜಾಗಕ್ಕೆ ಬರುವ ವಸ್ತು ಯಾವುದೇ ಇರಲಿ, ಮೊದಲು ನಿಮ್ಮ ತಕ್ಕಡಿಯಲ್ಲಿ ಗೆಲ್ಲಲಿ, ತಿನ್ನುವವರಿಗೆ ನಿರಪಾಯ ಎಂದು ಸಾಬೀತಾಗಲಿ.