ಚಿರತೆಮರಿಗೆ ಕೂಲಿ ಎಷ್ಟು?

ಕ್ರೋಶಾ ಕಡ್ಡಿ ಹಿಡಿದದ್ದು ಸೀರೆಗೆ ಕುಚ್ಚು ಹಾಕಲೆಂದು. ಕುಚ್ಚಿನ ಕೆಲಸ ಮದುವೆ ಕಾಲದಲ್ಲಿ ಸುರಿಯುತ್ತದೆ, ಆಷಾಢದಲ್ಲಿ ಒಂದೂ ಇರುವುದಿಲ್ಲ. ಹಾಗೆ ಖಾಲಿ ಕೂತಿದ್ದಾಗ ಉಲ್ಲನ್ ತಂದು ಅಂಗೈಯಗಲದ ಪ್ರಾಣಿಗಳ ಕೀಚೈನ್ ಹೆಣೆಯತೊಡಗಿದೆ. ಬಂಡವಾಳಕ್ಕೆ ಸಾಲ ಮಾಡಲಿಲ್ಲ. ತಮಿಳುನಾಡು ಸರ್ಕಾರ 2023ರ ಸೆಪ್ಟೆಂಬರ್‌ನಿಂದ ಕೊಡುತ್ತಿರುವ ಮಗಳಿರ್ ಉರಿಮೈ ತೊಗೈ, ಅಂದರೆ ಹೆಂಗಸರಿಗೆ ತಿಂಗಳು ತಿಂಗಳು ಕೊಡುವ ಹಕ್ಕಿನ ಹಣ, ನನ್ನ ಖಾತೆಗೂ ಬರುತ್ತದೆ. ಒಂದು ತಿಂಗಳ ಆ 1,000 ರೂಪಾಯಿಯನ್ನು ಮನೆಖರ್ಚಿಗೆ ಬಿಡದೆ ಎತ್ತಿಟ್ಟೆ.

ಮೊದಲು ಹೆಣೆದದ್ದು ಚಿರತೆ. ನಮ್ಮೂರಿನ ಹೆಸರು ಹೊರಗಿನವರಿಗೆ ಗೊತ್ತಿರುವುದೇ ಕೆನೆತ್ ಆಂಡರ್ಸನ್ ಬೇಟೆಯಾಡಿದ ನರಭಕ್ಷಕ ಚಿರತೆಯಿಂದ. 1954ರಲ್ಲಿ ಬಂದ ಅವರ ಪುಸ್ತಕದಲ್ಲಿ ಆ ಕಥೆಯಿದೆ. ಅಷ್ಟು ಜನರನ್ನು ನಡುಗಿಸಿದ ಪ್ರಾಣಿ ಮಕ್ಕಳ ಶಾಲೆ ಬ್ಯಾಗಿಗೆ ನೇತಾಡಲಿ ಎನ್ನುವುದು ನನ್ನ ಆಸೆ.

ತಲೆಯಿಂದ ಶುರು. ಬಿಗಿ ಮಾಡಬಹುದಾದ ಕುಣಿಕೆಯೊಳಗೆ 6 ಹೆಣಿಗೆ, ಮುಂದಿನ ಸುತ್ತಿಗೆ 12, ಅದರ ಮುಂದೆ 18. ಸುತ್ತು ಎಲ್ಲಿ ಶುರುವಾಯಿತೆಂದು ತಿಳಿಯಲು ಕೆಂಪು ದಾರದ ತುಂಡೊಂದನ್ನು ಸಿಕ್ಕಿಸಿಕೊಳ್ಳುತ್ತೇನೆ. ಒಂದು ಹೆಣಿಗೆ ತಪ್ಪಿದರೂ ಹತ್ತಿ ತುಂಬಿದ ಮೇಲೆ ತಲೆ ಒಂದು ಕಡೆಗೆ ವಾಲುತ್ತದೆ, ಪೂರ್ತಿ ಬಿಚ್ಚಬೇಕು. ಕಪ್ಪು ಚುಕ್ಕೆಗಳನ್ನು ಕೊನೆಗೆ ಸೂಜಿಯಲ್ಲಿ ಒಂದೊಂದಾಗಿ ಹಾಕುತ್ತೇನೆ. ಹೊತ್ತು ತಿನ್ನುವುದು ಅದೇ.

ಒಂದಕ್ಕೆ ಉಲ್ಲನ್ 14 ರೂಪಾಯಿ, ಒಳಗಿನ ಹತ್ತಿ 4, ಕಣ್ಣು 3, ಉಂಗುರ 6, ಕವರ್ 3. ಒಟ್ಟು 30. ನಾನು 80ಕ್ಕೆ ಮಾರಿ 50 ಲಾಭವೆಂದು ಹಿಗ್ಗಿದೆ. ಒಂದು ಚಿರತೆಗೆ 3 ಗಂಟೆ ಹಿಡಿಯುತ್ತಿತ್ತು ಅನ್ನುವುದನ್ನು ಎಲ್ಲೂ ಬರೆದುಕೊಂಡಿರಲಿಲ್ಲ. ಬರೆದಾಗ ಗೊತ್ತಾಯಿತು, ಗಂಟೆಗೆ 17 ರೂಪಾಯಿಯೂ ಬೀಳುತ್ತಿಲ್ಲ. ಸರ್ಕಾರದ ಉದ್ಯೋಗ ಖಾತರಿಯ ನೂರು ದಿನದ ಕೆಲಸಕ್ಕೆ ತಮಿಳುನಾಡಿನಲ್ಲಿ 2025-26ರ ದಿನಗೂಲಿ 336 ಇತ್ತು. ಎಂಟು ಗಂಟೆಗೆ ಹಂಚಿದರೆ 42. ಆ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಮನೆಯಲ್ಲಿ ಕೂತು ಮಾಡುವ ಕೆಲಸ ಎಂದು ನನ್ನ ಕೈಗೆ ನಾನೇ ಅರ್ಧ ಕೂಲಿಯನ್ನೂ ಕೊಟ್ಟಿರಲಿಲ್ಲ.

ಆಮೇಲೆ ಎರಡು ಬದಲಾವಣೆ ಮಾಡಿಕೊಂಡೆ. ಒಂದು ದಿನ ತಲೆಗಳಷ್ಟೇ, ಇನ್ನೊಂದು ದಿನ ಕಿವಿ, ಬಾಲ. ಹಾಗೆ ಮಾಡಿ ಒಂದಕ್ಕೆ 2 ಗಂಟೆಗೆ ಇಳಿಸಿದೆ. ಗಂಟೆಗೆ 42ರಂತೆ ಕೂಲಿ 84, ಸಾಮಾನು 30, ಅಸಲೇ 114. ಬೆಲೆ 150 ಎಂದೆ. ಹಳೆಯ ಗಿರಾಕಿಗಳು ಕೆಲವರು ಹೋದರು. ಹೋಗಲಿ ಬಿಡಿ.

ಎಡವಿದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ. ಮಾರಿದ ಮೇಲೆ ದುಡ್ಡು, ನೂರಕ್ಕೆ ಮೂವತ್ತು ಅವರಿಗೆ ಅಂದರು. 40 ಚಿರತೆ ಕೊಟ್ಟುಬಂದೆ. 150ರಲ್ಲಿ 45 ಕಳೆದರೆ ನನಗೆ ಉಳಿಯುವುದು 105, ಅಸಲಿಗಿಂತ 9 ಕಡಿಮೆ. ಅದನ್ನೂ ಲೆಕ್ಕ ಹಾಕಿರಲಿಲ್ಲ. ದುಡ್ಡು ಬಂದದ್ದು ನಾಲ್ಕು ತಿಂಗಳಿಗೆ. ಅಷ್ಟರವರೆಗೆ ಸಾಮಾನಿನ 1,200 ರೂಪಾಯಿ ಅಲ್ಲೇ ಸಿಕ್ಕಿಕೊಂಡು, ಉಲ್ಲನ್ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ.

ಈಗ ಅಂಗಡಿಗೆ ಬೆಲೆ 165, ಅರ್ಧ ಮುಂಗಡ. ಹೋದ ವಾರ ಆನೇಕಲ್‌ನಿಂದ ಹುಟ್ಟುಹಬ್ಬಕ್ಕೆಂದು 25 ಕೇಳಿದ್ದಾರೆ. ಮುಂಗಡ ಬಂದಿದೆ. ತಲೆ 11 ಆಗಿವೆ.